ಶಾಲೆಗೆ ಕೌನ್ಸೆಲರ್ ಆಗಿ ಸೇರುತ್ತಿದ್ದೀರಾ? ಕೆಲಸ ಶುರುವಾಗುವುದು ನಿಮ್ಮ ಕೋಣೆಯಲ್ಲಲ್ಲ

ಮನೋವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಶಾಲೆಯೊಂದಕ್ಕೆ ಸೇರುವವರಿಗೆ ಮೊದಲ ದಿನ ಸಿಗುವುದು ಸಾಮಾನ್ಯವಾಗಿ ಒಂದು ಮೇಜು, ಎರಡು ಕುರ್ಚಿ ಮತ್ತು "ಎಂಟನೇ ಬಿ ಸೆಕ್ಷನ್ನಿನ ಆ ಹುಡುಗನನ್ನು ಸ್ವಲ್ಪ ಸರಿ ಮಾಡಿ" ಎಂಬ ಕೋರಿಕೆ. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಒಳಗೆ ಕಳುಹಿಸಿದರೆ ರಿಪೇರಿಯಾಗಿ ಹೊರಗೆ ಬರುತ್ತಾರೆ ಎಂಬ ನಂಬಿಕೆ ಆಡಳಿತ ಮಂಡಳಿಗೂ ಇರುತ್ತದೆ, ಪೋಷಕರಿಗೂ ಇರುತ್ತದೆ. ಕೆಲವು ತಿಂಗಳು ನಮಗೂ ಇರುತ್ತದೆ. ಆದರೆ ವಾರಕ್ಕೆ ಮುಕ್ಕಾಲು ಗಂಟೆ ನಿಮ್ಮೆದುರು ಕೂರುವ ಮಗು ಉಳಿದ ಹೊತ್ತನ್ನೆಲ್ಲ ತರಗತಿಯಲ್ಲಿ, ವ್ಯಾನಿನಲ್ಲಿ, ಮನೆಯಲ್ಲಿ ಕಳೆಯುತ್ತದೆ. ಅಲ್ಲಿ ಏನೂ ಬದಲಾಗದಿದ್ದರೆ ನಿಮ್ಮ ಮುಕ್ಕಾಲು ಗಂಟೆಗೆ ಬೆಲೆಯಿಲ್ಲ. ಕರ್ನಾಟಕದ ಶಾಲೆಗಳಲ್ಲಿ ಈ ಕೆಲಸಕ್ಕೆ ಇಳಿಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಕೌನ್ಸೆಲರ್ ಹುದ್ದೆಯೇ ಇಲ್ಲದ ಶಾಲೆಗಳಲ್ಲಿ ಈ ಹೊಣೆಯನ್ನೂ ಹೊತ್ತಿರುವ ಶಿಕ್ಷಕರಿಗೂ ಇದರ ಬಹುಪಾಲು ಅನ್ವಯಿಸುತ್ತದೆ.

ಸೇರುವ ಮುನ್ನ ಬರೆಸಿಕೊಳ್ಳಿ

ನೇಮಕಾತಿ ಪತ್ರದಲ್ಲಿ ನೀವು ಮಾಡುವ ಕೆಲಸ ಏನು ಎಂಬುದರ ಜೊತೆಗೆ, ಮಾಡದ ಕೆಲಸ ಯಾವುದು ಎಂಬುದೂ ಇರಲಿ. ಗೈರಾದ ಶಿಕ್ಷಕರ ಪೀರಿಯಡ್ ತುಂಬುವುದು, ಬಸ್ ಡ್ಯೂಟಿ ಇವನ್ನೆಲ್ಲ ಅಷ್ಟಿಷ್ಟು ಸಹಿಸಿಕೊಳ್ಳಬಹುದು. ಶಿಸ್ತು ಸಮಿತಿಯ ಸದಸ್ಯತ್ವಕ್ಕೆ ಮಾತ್ರ ಒಪ್ಪಬೇಡಿ. ಸೋಮವಾರ ಅಮಾನತು ಪತ್ರಕ್ಕೆ ಸಹಿ ಹಾಕಿದವರ ಬಳಿಗೆ ಮಂಗಳವಾರ ಯಾವ ಮಗುವೂ ಮನಸ್ಸು ಬಿಚ್ಚಲು ಬರುವುದಿಲ್ಲ.

ನಿಮ್ಮ ಪದನಾಮದ ಬಗ್ಗೆಯೂ ಸ್ಪಷ್ಟವಾಗಿರಿ. ಮನೋವೈದ್ಯರು ಎಂ.ಬಿ.ಬಿ.ಎಸ್. ಆದ ಮೇಲೆ ಮನೋವೈದ್ಯಶಾಸ್ತ್ರ ಓದಿದವರು, ಔಷಧ ಬರೆಯುವವರು. ಕ್ಲಿನಿಕಲ್ ಸೈಕಾಲಜಿಸ್ಟ್ ಎನಿಸಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. 1992ರ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದೆ ಆ ವೃತ್ತಿ ನಡೆಸುವಂತಿಲ್ಲ. ಪೋಷಕರು ನಿಮ್ಮನ್ನು "ಡಾಕ್ಟರ್" ಎಂದು ಕರೆದರೆ ಅಲ್ಲೇ ತಿದ್ದಿ. ಕೇಳಲು ಹಿತವೆನಿಸಿದರೂ ಬಿಡಬೇಡಿ.

ಇನ್ನು ಕೋಣೆ. ಮುಖ್ಯೋಪಾಧ್ಯಾಯರ ಕೊಠಡಿಯ ಎದುರಿಗೆ ಬೇಡ. ಗ್ರಂಥಾಲಯದ ಪಕ್ಕ ಸಿಕ್ಕರೆ ಬಹಳ ಒಳ್ಳೆಯದು, ಆ ಕಡೆ ಹೊರಟ ಮಗು ಎಲ್ಲಿಗೆ ಹೋಗುತ್ತಿದೆ ಎಂದು ಗೆಳೆಯರಿಗೆ ಗೊತ್ತಾಗುವುದಿಲ್ಲ. ಬಾಗಿಲಿಗೆ ಗಾಜಿನ ಕಿಂಡಿ ಇರಲಿ: ಒಳಗಿರುವವರು ಕಾಣಬೇಕು, ಮಾತು ಕೇಳಿಸಬಾರದು. ಇದು ಮಗುವಿಗೂ ನಿಮಗೂ ರಕ್ಷಣೆ.

ಮೊದಲ ಕೆಲವು ವಾರ ಯಾರನ್ನೂ ಕರೆಸಬೇಡಿ

ನೋಡುವುದೇ ಕೆಲಸವಾಗಲಿ. ಶಿಕ್ಷಕರ ಒಪ್ಪಿಗೆ ಪಡೆದು ಕೊನೆಯ ಬೆಂಚಿನಲ್ಲಿ ಕೂತು, ಗಲಾಟೆ ಶುರುವಾಗುವ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಅದಕ್ಕೆ ಏನು ಸಿಕ್ಕಿತು ಎಂಬ ಮೂರನ್ನೇ ಬರೆದುಕೊಳ್ಳಿ. ಗಣಿತದ ಪೀರಿಯಡ್‌ನಲ್ಲಿ ಮಾತ್ರ ಕಿತಾಪತಿ ಮಾಡುವ ಹುಡುಗನಿಗೆ ಪ್ರತಿ ಸಲವೂ ಹೊರಗೆ ನಿಲ್ಲುವ ಶಿಕ್ಷೆ ಸಿಗುತ್ತಿದೆ ಎಂದರೆ, ಅವನು ಬಯಸಿದ್ದೇ ಅವನಿಗೆ ಸಿಗುತ್ತಿದೆ ಎಂದರ್ಥ.

ಊಟದ ಬಿಡುವಿನಲ್ಲಿ ಅಂಗಳದಲ್ಲಿ ಓಡಾಡಿ. ಯಾರು ಒಬ್ಬರೇ ಕೂರುತ್ತಾರೆ, ಯಾರು ಡಬ್ಬಿ ತೆರೆಯುವುದೇ ಇಲ್ಲ, ಯಾವ ಹೆಣ್ಣುಮಕ್ಕಳು ಶೌಚಾಲಯಕ್ಕೆ ಹೋಗಬೇಕಾದೀತೆಂದು ಸಂಜೆಯವರೆಗೆ ನೀರೇ ಕುಡಿಯುವುದಿಲ್ಲ ಎಂಬುದು ಯಾವ ಪ್ರಶ್ನಾವಳಿಯಲ್ಲೂ ಸಿಗುವುದಿಲ್ಲ. ಆಯಾ, ವ್ಯಾನ್ ಚಾಲಕ, ಪಿ.ಟಿ. ಮೇಷ್ಟ್ರು, ಬಿಸಿಯೂಟದ ಅಡುಗೆಯವರು ಇವರೊಂದಿಗೆ ಸ್ನೇಹ ಬೆಳೆಸಿ. ಮಕ್ಕಳ ನಡುವಿನ ದಬ್ಬಾಳಿಕೆ ಬಹುತೇಕ ನಡೆಯುವುದು ಶಿಕ್ಷಕರ ಕಣ್ಣಿಲ್ಲದ ಜಾಗಗಳಲ್ಲಿ, ಆ ಜಾಗಗಳಲ್ಲಿ ಇರುವವರು ಇವರೇ.

ಮನಸ್ಸಿನ ಕಾರಣ ಹುಡುಕುವ ಮುನ್ನ ದೇಹವನ್ನು ವಿಚಾರಿಸಿ. ಬೋರ್ಡ್ ಕಾಣಿಸುತ್ತಿದೆಯೇ? ಕಿವಿ ಸೋರುತ್ತಿದೆಯೇ? ಬೆಳಗ್ಗೆ ತಿಂಡಿ ತಿಂದಿದೆಯೇ? ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತದೆ? ಸರ್ಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆಗೆ ಬರುತ್ತದೆ. 2013ರಲ್ಲಿ ಶುರುವಾದ ಯೋಜನೆ ಇದು. ತಂಡ ಬರುವ ದಿನ ನಿಮ್ಮ ಪಟ್ಟಿಯ ಮಕ್ಕಳು ತಪ್ಪಿಸಿಕೊಳ್ಳದಂತೆ ನೋಡಿಕೊಳ್ಳಿ. "ಗಮನವಿಲ್ಲದ" ಮಗುವಿಗೆ ಕನ್ನಡಕ ಬಂದೊಡನೆ ಗಮನವೂ ಬರುವುದನ್ನು ಈ ವೃತ್ತಿಯಲ್ಲಿ ಮತ್ತೆ ಮತ್ತೆ ಕಾಣುತ್ತೀರಿ.

ಸ್ಟಾಫ್ ರೂಮಿನಲ್ಲಿ ಜಾಗ ಗಳಿಸಿಕೊಳ್ಳಿ

ನಿಮ್ಮ ಉಪಯೋಗ ನಿರ್ಧಾರವಾಗುವುದು ಇಲ್ಲಿ. ಬಂದ ತಿಂಗಳಲ್ಲೇ ಶಿಕ್ಷಕರನ್ನು ಕೂಡಿಸಿ "ಮಕ್ಕಳ ಮನಸ್ಸನ್ನು ಅರ್ಥ ಮಾಡಿಕೊಳ್ಳುವುದು ಹೇಗೆ" ಎಂದು ಉಪನ್ಯಾಸ ಕೊಡುವವರನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ. ಇಪ್ಪತ್ತು ವರ್ಷ ಪಾಠ ಮಾಡಿದವರಿಗೆ ಮಕ್ಕಳು ಗೊತ್ತು. ಅವರಿಗೆ ಬೇಕಿರುವುದು ನಾಳೆ ಬೆಳಗ್ಗೆ ಮಾಡಬಹುದಾದ ಒಂದು ಉಪಾಯ.

ಅರ್ಧ ಪುಟದ ಚೀಟಿಯೊಂದನ್ನು ಸಿದ್ಧ ಮಾಡಿಡಿ. ಮಗು ಏನು ಮಾಡುತ್ತದೆ, ಯಾವ ಹೊತ್ತಿನಲ್ಲಿ, ವಾರದಲ್ಲಿ ಎಷ್ಟು ಸಲ, ನೀವು ಈವರೆಗೆ ಏನು ಮಾಡಿ ನೋಡಿದ್ದೀರಿ, ಅದು ಯಾವುದರಲ್ಲಿ ಚೆನ್ನಾಗಿದೆ? ಇಷ್ಟೇ ಪ್ರಶ್ನೆ. "ಸೋಮಾರಿ", "ಅಹಂಕಾರ", "ಮನೆಯಲ್ಲಿ ಮುದ್ದು ಜಾಸ್ತಿ" ಎಂಬ ತೀರ್ಪುಗಳಿಗೆ ಆ ಚೀಟಿಯಲ್ಲಿ ಜಾಗವೇ ಇರಬಾರದು. ಚೀಟಿ ಕೊಟ್ಟ ಶಿಕ್ಷಕರಿಗೆ ಒಂದು ವಾರದೊಳಗೆ ಏನಾದರೂ ಹೇಳಲೇಬೇಕು, "ಇನ್ನೂ ನೋಡುತ್ತಿದ್ದೇನೆ" ಎಂದಾದರೂ ಸರಿ. ಚೀಟಿ ಕೊಟ್ಟು ತಿಂಗಳಾದರೂ ಉತ್ತರ ಬಾರದಿದ್ದರೆ ಅವರಿಂದ ಎರಡನೆಯ ಚೀಟಿ ಬರುವುದಿಲ್ಲ.

ಸಲಹೆ ಕೊಡುವಾಗ ತರಗತಿಯಲ್ಲಿ ನಲವತ್ತೈದು ಮಕ್ಕಳಿದ್ದಾರೆ ಎಂಬುದನ್ನು ಮರೆಯಬೇಡಿ. "ವೈಯಕ್ತಿಕ ಗಮನ ಕೊಡಿ" ಎಂಬುದು ಸಲಹೆಯಲ್ಲ, ಅಣಕ. ಅದರ ಬದಲು: ಆ ಮಗುವನ್ನು ಕಿಟಕಿಯ ಪಕ್ಕದಿಂದ ಎರಡನೇ ಸಾಲಿಗೆ ತನ್ನಿ. ಮನೆಗೆಲಸವನ್ನು ಗಂಟೆ ಹೊಡೆಯುವ ಮೊದಲೇ ಬೋರ್ಡ್ ಮೇಲೆ ಬರೆಯಿರಿ. ಗಟ್ಟಿಯಾಗಿ ಓದಿಸುವುದಾದರೆ ಯಾವ ಪ್ಯಾರಾ ಎಂದು ಹಿಂದಿನ ದಿನವೇ ಅವಳ ಕಿವಿಯಲ್ಲಿ ಹೇಳಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಎರಡು ವಾರ ನೋಡಿ ಮುಂದಿನದು.

ಹೊಡೆಯುವ ಶಿಕ್ಷಕರ ವಿಷಯಕ್ಕೆ ಬರೋಣ. ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮೊದಲ ಸಲ ಒಬ್ಬರೇ ಇದ್ದಾಗ ನೇರವಾಗಿ ಹೇಳಿ, ಪರ್ಯಾಯವನ್ನೂ ಕೊಡಿ. ಮುಂದುವರಿದರೆ ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ತಿಳಿಸಿ. ಏಟಿನ ಗುರುತು ಬಿದ್ದಿದ್ದರೆ ಮೊದಲ ಸಲವೇ ಲಿಖಿತವಾಗಿ. ಸ್ನೇಹ ಕೆಡುತ್ತದೆ ಎಂದು ಸುಮ್ಮನಿರುವಂತಿಲ್ಲ.

ಶಿಕ್ಷಕರು ತಮ್ಮ ಸ್ವಂತ ಕಷ್ಟವನ್ನೂ ನಿಮ್ಮಲ್ಲಿಗೆ ತರುತ್ತಾರೆ. ಗಣತಿ, ಚುನಾವಣೆ ಕೆಲಸ, ಬಿಸಿಯೂಟದ ಲೆಕ್ಕ ಎಲ್ಲದರ ನಡುವೆ ಹೈರಾಣಾದವರು ಅವರು. ಕಿವಿಗೊಡಿ. ಆದರೆ ಸಹೋದ್ಯೋಗಿಗೆ ನೀವೇ ಆಪ್ತಸಮಾಲೋಚಕರಾಗಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮನಸ್ ಸಂಖ್ಯೆ 14416 ಬರೆದುಕೊಡಿ. ಉಚಿತ ಕರೆ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲೂ ಮಾತನಾಡಬಹುದು.

ಮಗು ಎದುರು ಕೂತಾಗ

ಮೊದಲ ಭೇಟಿಯ ಮೊದಲ ಮಾತು ಗುಟ್ಟಿನ ಎಲ್ಲೆಯದ್ದು. ನಿಮ್ಮ ಮಾತಿನಲ್ಲಿ ಹೀಗೆ ಹೇಳಬಹುದು: "ನೀನು ಇಲ್ಲಿ ಹೇಳಿದ್ದನ್ನು ನಾನು ಬೇರೆಯವರಿಗೆ ಹೇಳುವುದಿಲ್ಲ. ಆದರೆ ಯಾರಾದರೂ ನಿನಗೆ ತೊಂದರೆ ಕೊಡುತ್ತಿದ್ದರೆ, ಅಥವಾ ನಿನಗೆ ನೀನೇ ನೋವು ಮಾಡಿಕೊಳ್ಳುವ ಯೋಚನೆ ಇದ್ದರೆ, ಅದನ್ನು ನಾನೊಬ್ಬರೇ ಇಟ್ಟುಕೊಳ್ಳುವ ಹಾಗಿಲ್ಲ. ಯಾರಿಗೆ ಹೇಳಲಿದ್ದೇನೆ ಎಂಬುದನ್ನು ಮೊದಲು ನಿನಗೇ ತಿಳಿಸುತ್ತೇನೆ." ಇದನ್ನು ಹೇಳದೆ ಆಮೇಲೆ ಹೊರಗೆ ಮಾತು ಹೋದರೆ, ಆ ಮಗುವಷ್ಟೇ ಅಲ್ಲ, ಇಡೀ ತರಗತಿ ನಿಮ್ಮನ್ನು ಬಿಟ್ಟುಬಿಡುತ್ತದೆ.

ನಮ್ಮ ಮಕ್ಕಳು "ನನಗೆ ಖಿನ್ನತೆ" ಎಂದು ಬರುವುದು ಅಪರೂಪ. ಸೋಮವಾರದ ಹೊಟ್ಟೆನೋವು, ಪರೀಕ್ಷೆಯ ಹಿಂದಿನ ದಿನದ ತಲೆಸುತ್ತು, "ಬೇಜಾರು ಸರ್", "ಏನೂ ಇಲ್ಲ ಮಿಸ್" ಎಂಬ ರೂಪದಲ್ಲೇ ಸಂಕಟ ಹೊರಬರುತ್ತದೆ. ಆ ಹೊಟ್ಟೆನೋವು ನಾಟಕವಲ್ಲ, ನಿಜವಾಗಿ ನೋಯುತ್ತದೆ. "ಯಾಕೆ ಹೀಗೆ ಮಾಡಿದೆ?" ಎಂಬ ಪ್ರಶ್ನೆಯನ್ನು ಬಿಟ್ಟುಬಿಡಿ, ಅದನ್ನು ಅವರು ಈಗಾಗಲೇ ಹತ್ತು ಜನರಿಂದ ಕೇಳಿರುತ್ತಾರೆ. "ಅವತ್ತು ಬೆಳಗ್ಗೆಯಿಂದ ಏನೇನಾಯಿತು, ಹೇಳು" ಎಂದರೆ ಕತೆ ಬರುತ್ತದೆ. ಎದುರುಬದುರು ಕೂರಲು ಮುಜುಗರಪಡುವ ಹದಿಹರೆಯದ ಹುಡುಗರು ಮೈದಾನದ ಸುತ್ತ ನಡೆಯುತ್ತ ಸಲೀಸಾಗಿ ಮಾತನಾಡುತ್ತಾರೆ. ಮನೆಯಲ್ಲಿ ತುಳು, ಉರ್ದು, ಲಂಬಾಣಿ, ಕೊಂಕಣಿ ಆಡುವ ಮಗುವಿಗೆ ಅಳು ಬಂದಾಗ ಆ ಭಾಷೆಯೇ ಬರುತ್ತದೆ. ಬರಲಿ, ತಡೆಯಬೇಡಿ. ಅರ್ಥವಾಗದ್ದನ್ನು ಆಮೇಲೆ ಕೇಳಿಕೊಳ್ಳಬಹುದು.

ಓದು ಬಾರದ ಮಗು

ನಿಮ್ಮಲ್ಲಿಗೆ ಬರುವ ಚೀಟಿಗಳಲ್ಲಿ ದೊಡ್ಡ ಪಾಲು ಇದರದ್ದೇ. ಹಾಗೆಯೇ ಇಂಗ್ಲಿಷ್ ಪಠ್ಯಪುಸ್ತಕದಲ್ಲಿ ಓದಿದ್ದನ್ನು ಕಣ್ಣುಮುಚ್ಚಿ ಅನ್ವಯಿಸಿದರೆ ಹೆಚ್ಚು ಎಡವುವುದೂ ಇಲ್ಲೇ. ಬಿ ಮತ್ತು ಡಿ ಅಕ್ಷರಗಳನ್ನು ತಿರುಗುಮುರುಗಾಗಿ ಬರೆಯುವುದನ್ನು ಹುಡುಕುತ್ತ ಕೂತರೆ ಕನ್ನಡ ಮಾಧ್ಯಮದ ಮಗುವಿನ ಕಷ್ಟ ಕಣ್ಣಿಗೆ ಬೀಳುವುದಿಲ್ಲ.

ಇಂಗ್ಲಿಷಿನ ಇಪ್ಪತ್ತಾರು ಅಕ್ಷರ ಒಂದು ವರ್ಷದಲ್ಲಿ ಮುಗಿಯುತ್ತದೆ. ಕನ್ನಡದಲ್ಲಿ ವರ್ಣಮಾಲೆಯ ಮೇಲೆ ಕಾಗುಣಿತ, ಕಾಗುಣಿತದ ಮೇಲೆ ಒತ್ತಕ್ಷರ ಸೇರಿ ಮಗು ಗುರುತಿಸಬೇಕಾದ ರೂಪಗಳು ನೂರಾರಾಗುತ್ತವೆ. ಮೂರು, ನಾಲ್ಕನೇ ತರಗತಿಯವರೆಗೂ ಈ ಕಲಿಕೆ ನಡೆಯುತ್ತಲೇ ಇರುತ್ತದೆ. ಹಾಗಾಗಿ ಎರಡನೇ ತರಗತಿಯ ಮಗು "ಶಾಸ್ತ್ರ" ಎಂಬಲ್ಲಿ ತಡವರಿಸಿದರೆ ಅದು ನ್ಯೂನತೆಯಲ್ಲ, ವಯಸ್ಸು. ಇನ್ನೊಂದು ಕಡೆ, ಕನ್ನಡದಲ್ಲಿ ಬರೆದಂತೆ ಓದುವುದರಿಂದ ನಿಜವಾಗಿ ಕಷ್ಟವಿರುವ ಮಗುವೂ ಅಕ್ಷರ ಅಕ್ಷರ ಕೂಡಿಸಿ ಕೊನೆಗೆ ಸರಿಯಾಗಿಯೇ ಓದಿಬಿಡಬಹುದು. ತಪ್ಪನ್ನಷ್ಟೇ ಎಣಿಸುವ ಶಿಕ್ಷಕರು "ಓದುತ್ತಾನೆ, ಆದರೆ ನಿಧಾನ" ಎಂದು ಬಿಟ್ಟುಬಿಡುತ್ತಾರೆ. ಆ ನಿಧಾನವೇ ಲಕ್ಷಣವಾಗಿರಬಹುದು. ಐದನೇ ತರಗತಿಗೆ ಬಂದರೂ ಅಕ್ಷರಕ್ಕೆ ಬೆರಳಿಟ್ಟು ಓದುವುದು, ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲಿನದು ಮರೆತಿರುವುದು, "ಅಕ್ಕ" ಎಂಬುದನ್ನು "ಅಕ" ಎಂದು ಒತ್ತು ಬಿಟ್ಟು ಬರೆಯುವುದು, ಹ್ರಸ್ವ ದೀರ್ಘಗಳ ಅದಲುಬದಲು. ಇವನ್ನು ಗಮನಿಸಿ.

ಎಚ್ಚರ ಬೇಕಾದ ಜಾಗವೂ ಇದೆ. "ಹಾಲು" ಎಂಬುದನ್ನು "ಆಲು" ಎಂದು, "ಶಾಲೆ"ಯನ್ನು "ಸಾಲೆ" ಎಂದು ಬರೆಯುವ, ಮಹಾಪ್ರಾಣಗಳನ್ನೆಲ್ಲ ಅಲ್ಪಪ್ರಾಣ ಮಾಡುವ ಮಗು ತನ್ನ ಮನೆಯಲ್ಲಿ ಕೇಳಿದ್ದನ್ನು ಪ್ರಾಮಾಣಿಕವಾಗಿ ಬರೆಯುತ್ತಿದೆ. ಅದು ಆಡುನುಡಿ, ಕಲಿಕಾ ನ್ಯೂನತೆಯಲ್ಲ. ಶಾಲೆಯ ಭಾಷೆ ಮನೆಯ ಭಾಷೆಯಾಗದ ಮಗುವಿಗೆ, ಕಬ್ಬು ಕಡಿಯಲು ಹೊರಟ ತಂದೆತಾಯಿಯ ಜೊತೆ ವರ್ಷಕ್ಕೆ ತಿಂಗಳುಗಟ್ಟಲೆ ಶಾಲೆ ತಪ್ಪಿಸಿಕೊಂಡ ಮಗುವಿಗೆ, 2020ರ ಕೋವಿಡ್ ವರ್ಷದಲ್ಲಿ ಒಂದನೇ ತರಗತಿ ಸೇರಿ ಶಾಲೆಯ ಮುಖವನ್ನೇ ಸರಿಯಾಗಿ ನೋಡದ ಮಗುವಿಗೆ ಮೊದಲು ಬೇಕಿರುವುದು ಪಾಠ. ಹಣೆಪಟ್ಟಿ ಅಲ್ಲ.

ನೀವೇ ಮಾಡಬಹುದಾದ ಸರಳ ಪರಿಶೀಲನೆ ಹೀಗಿದೆ. ಎರಡು ತರಗತಿ ಕೆಳಗಿನ ಪಠ್ಯದ ಒಂದು ಪುಟ ಓದಿಸಿ, ಏನು ಅರ್ಥವಾಯಿತು ಕೇಳಿ. ಆಮೇಲೆ ಅದೇ ಮಟ್ಟದ ಇನ್ನೊಂದು ಪುಟವನ್ನು ನೀವು ಓದಿ ಹೇಳಿ, ಅದೇ ಪ್ರಶ್ನೆ ಕೇಳಿ. ಕೇಳಿದ್ದು ಚೆನ್ನಾಗಿ ಅರ್ಥವಾಗಿ ಓದಿದ್ದು ಅರ್ಥವಾಗದಿದ್ದರೆ ತೊಡಕು ಓದಿನಲ್ಲಿದೆ. ಎರಡೂ ಅರ್ಥವಾಗದಿದ್ದರೆ ಭಾಷೆ, ಶ್ರವಣ, ಒಟ್ಟಾರೆ ಬೆಳವಣಿಗೆಯ ಕಡೆ ನೋಡಬೇಕು. ಈ ಹಂತದಲ್ಲಿ ಮೂರು ತಿಂಗಳು ದಿನಕ್ಕೆ ಇಪ್ಪತ್ತು ನಿಮಿಷದ ಒತ್ತಕ್ಷರ ಮತ್ತು ಓದಿನ ಅಭ್ಯಾಸ ನಡೆಯಲಿ. ಆಗಲೂ ಕದಲದಿದ್ದರೆ ಹೊರಗೆ ಕಳುಹಿಸಿ.

ಕಳುಹಿಸುವುದು ಎಲ್ಲಿಗೆ? ಮಾನಸಿಕ ಆರೋಗ್ಯ ಸಂಸ್ಥೆಗಳಾದ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಮಾತು ಮತ್ತು ಶ್ರವಣದ ತೊಂದರೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಹತ್ತಿರಕ್ಕೆ ಜಿಲ್ಲಾ ಆಸ್ಪತ್ರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವೂ ಇರುತ್ತದೆ, 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆದ ಪ್ರಯೋಗವೇ ದೇಶದ ಈ ಕಾರ್ಯಕ್ರಮಕ್ಕೆ ಮಾದರಿ. ಸರ್ಕಾರಿ ಶಾಲೆಯವರು ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರನ್ನು, ಎಲ್ಲರೂ ಕರೆಯುವಂತೆ ಬಿಐಇಆರ್‌ಟಿಯವರನ್ನು, ಮೊದಲು ಸಂಪರ್ಕಿಸಿ.

ಬುದ್ಧಿಮಟ್ಟದ ಪರೀಕ್ಷೆಯ ಅಂಕಿ ಕೈಗೆ ಬಂದರೆ ಅದನ್ನು ದೇವರ ವಾಕ್ಯದಂತೆ ಓದಬೇಡಿ. ನಮ್ಮಲ್ಲಿ ಇಂದಿಗೂ ಬಳಕೆಯಲ್ಲಿರುವ ಬಿನೆ–ಕಾಮತ್ ಪರೀಕ್ಷೆಯ ಬೇರು ಇರುವುದು 1930ರ ದಶಕದಲ್ಲಿ ವಿ. ವಿ. ಕಾಮತ್ ಅವರು ವಿದೇಶದ ಬಿನೆ ಪರೀಕ್ಷೆಗೆ ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಮಾಡಿದ ಪರಿಷ್ಕರಣೆಯಲ್ಲಿ. ಕನ್ನಡದ ಮಟ್ಟಿಗೆ ಹೆಮ್ಮೆಯ ಕೆಲಸವೇ ಸರಿ. ಆದರೆ ಅಂದಿನ ಮಕ್ಕಳ ಅಳತೆಗೋಲಿನಲ್ಲಿ ಇಂದಿನವರನ್ನು ಅಳೆಯುವಾಗ ಎಷ್ಟು ಎಚ್ಚರ ಬೇಕೆಂಬುದನ್ನು ವರದಿ ಬರೆದವರ ಬಳಿಯೇ ಕೇಳಿ.

ವಿಕಲಚೇತನರ ಹಕ್ಕುಗಳ ಕಾಯ್ದೆ, 2016 ಪಟ್ಟಿ ಮಾಡಿರುವ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸ್ವಲೀನತೆಯೂ (ಆಟಿಸಂ) ಇವೆ. ಪರೀಕ್ಷೆಯ ಸವಲತ್ತಿಗೆ ಖಾಸಗಿ ಕ್ಲಿನಿಕ್ಕಿನ ವರದಿ ಸಾಲದು, ಸರ್ಕಾರ ಗೊತ್ತುಪಡಿಸಿದ ವೈದ್ಯಕೀಯ ಪ್ರಾಧಿಕಾರದ ಪ್ರಮಾಣಪತ್ರ ಬೇಕು. ಕೇಂದ್ರದ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷದ ಹೆಚ್ಚುವರಿ ಸಮಯವನ್ನೂ ಲಿಪಿಕಾರರ ನೆರವನ್ನೂ ಹೇಳುತ್ತದೆ. ಕಡತವನ್ನು ಎಂಟನೇ ತರಗತಿಯಲ್ಲೇ ತೆರೆಯಿರಿ. ಎಸ್ಸೆಸ್ಸೆಲ್ಸಿ ವರ್ಷದ ಜನವರಿಯಲ್ಲಿ ಓಡಾಡಲು ಹೊರಟರೆ ಸಾಲಿನಲ್ಲಿ ನಿಂತೇ ಪರೀಕ್ಷೆ ಬಂದುಬಿಡುತ್ತದೆ. ಲಿಪಿಕಾರರು ಸಿಕ್ಕರೂ, ಬಾಯಲ್ಲಿ ಉತ್ತರ ಹೇಳಿ ಬರೆಸುವುದೇ ಬೇರೆ ವಿದ್ಯೆ. ಒಂಬತ್ತನೇ ತರಗತಿಯ ಕಿರುಪರೀಕ್ಷೆಗಳಲ್ಲೇ ಅದರ ಅಭ್ಯಾಸ ಮಾಡಿಸಿ.

ಪೋಷಕರು

ಶಾಲೆಯಿಂದ ಫೋನ್ ಬಂತೆಂದರೆ ಮನೆಯಲ್ಲಿ ಎದೆ ಧಸಕ್ಕೆನ್ನುತ್ತದೆ. ಆದ್ದರಿಂದ ಮೊದಲ ಕರೆ ದೂರು ಹೇಳಲು ಆಗಬಾರದು. ಭೇಟಿಗೆ ತಾಯಿ ಬರುತ್ತಾರೆ, ನಿರ್ಧಾರ ಮಾತ್ರ ತಂದೆಯದ್ದೋ ಅಜ್ಜಿಯದ್ದೋ ಆಗಿರುತ್ತದೆ. "ಮುಂದಿನ ಸಲ ಅಜ್ಜಿಯವರನ್ನೂ ಕರೆದುಕೊಂಡು ಬನ್ನಿ, ಅವರಿಂದ ತಿಳಿಯುವುದಿದೆ" ಎಂದರೆ ಅರ್ಧ ದಾರಿ ಸವೆದಂತೆ. ಕೂಲಿ ಬಿಟ್ಟು ಬರುವವರಿಗೆ ಹನ್ನೊಂದು ಗಂಟೆಗೆ ಬನ್ನಿ ಎನ್ನಬೇಡಿ, ಬೆಳಗ್ಗೆ ಶಾಲೆ ಶುರುವಾಗುವ ಮುನ್ನ ಹತ್ತು ನಿಮಿಷ ಸಾಕು.

"ನನ್ನ ಮಗನಿಗೆ ಹುಚ್ಚಿದೆ ಅಂತೀರಾ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಕೋಪದ ಹಿಂದೆ ಇರುವುದು ಭಯ. ದೃಷ್ಟಿ ತಾಗಿದೆ, ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿ ಬಂದಿದ್ದರೆ ನಗಬೇಡಿ, ಬಿಚ್ಚಿಸಲೂ ಹೋಗಬೇಡಿ. "ಅದೂ ಇರಲಿ, ಜೊತೆಗೆ ಇದನ್ನೂ ಮಾಡೋಣ" ಎಂದರೆ ಒಪ್ಪುತ್ತಾರೆ. ಬರೆ ಹಾಕುವುದು, ಉಪವಾಸ ಕೆಡವುವುದು, ಕಟ್ಟಿಹಾಕುವುದು ಇದ್ದಲ್ಲಿ ಮಾತ್ರ ಈ ಸಮಾಧಾನ ನಡೆಯದು. ಅದು ಮಕ್ಕಳ ಸಹಾಯವಾಣಿ 1098ಕ್ಕೆ ಹೋಗಬೇಕಾದ ವಿಷಯ.

ಯಾವುದೇ ಪರೀಕ್ಷೆಗೆ ಮುನ್ನ ಲಿಖಿತ ಒಪ್ಪಿಗೆ ಪಡೆಯಿರಿ. ವರದಿ ಅವರು ಓದಬಲ್ಲ ಭಾಷೆಯಲ್ಲಿ ಎರಡು ಪುಟ ಮೀರದಿರಲಿ. ಮನೆಗೆ ಒಂದೇ ಕೆಲಸ ಹೇಳಿ, ಉದಾಹರಣೆಗೆ ರಾತ್ರಿ ಮೊಬೈಲ್ ದೊಡ್ಡವರ ಕೋಣೆಯಲ್ಲಿ ಚಾರ್ಜ್ ಆಗಲಿ ಎಂದು. ಆರು ಸಲಹೆ ಕೊಟ್ಟರೆ ಒಂದೂ ನಡೆಯುವುದಿಲ್ಲ.

ಗುಟ್ಟು ಇಟ್ಟುಕೊಳ್ಳಬಾರದ ಹೊತ್ತು

ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ದಾರಿ ಒಂದೇ. ಪೋಕ್ಸೊ ಕಾಯ್ದೆ, 2012ರ 19ನೇ ಕಲಂ ಪ್ರಕಾರ ವಿಷಯ ತಿಳಿದವರು ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಬಾಲಾಪರಾಧ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಸೆರೆವಾಸ, ಅಧೀನ ಸಿಬ್ಬಂದಿಯ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. "ಮೊದಲು ನಾವೇ ವಿಚಾರಿಸೋಣ, ಶಾಲೆಯ ಹೆಸರು ಕೆಡುತ್ತದೆ" ಎಂಬ ಮಾತಿಗೆ ಬಾಗಬೇಡಿ. ಮಗುವಿನಿಂದ ಒಂದು ಸಲ ಕೇಳಿ, ಅದರ ಮಾತುಗಳಲ್ಲೇ ಬರೆದುಕೊಳ್ಳಿ, ದಿನಾಂಕ ಹಾಕಿ. ಕೆದಕಿ ಕೆದಕಿ ಕೇಳುವುದು ತನಿಖೆಗೂ ಹಾನಿ, ಮಗುವಿಗೂ ಹಿಂಸೆ. ಹದಿನೆಂಟರ ಒಳಗಿನವರ ಪ್ರೇಮಪ್ರಕರಣದಲ್ಲೂ ಈ ಕಾನೂನು ಸಮ್ಮತಿಯನ್ನು ಲೆಕ್ಕಿಸುವುದಿಲ್ಲ. ಪಿಯು ಕಾಲೇಜಿನ ಮಕ್ಕಳೊಂದಿಗೆ ಕೆಲಸ ಮಾಡುವವರಿಗೆ ಇದು ಮೊದಲೇ ಗೊತ್ತಿರಬೇಕು.

ಸಾಯುವ ಯೋಚನೆಯ ಅನುಮಾನ ಬಂದರೆ ನೇರವಾಗಿ ಕೇಳಿ: "ಸಾಯಬೇಕು ಅನಿಸುತ್ತಿದೆಯಾ?" ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಎಷ್ಟೋ ಮಕ್ಕಳಿಗೆ ಯಾರೋ ಕೇಳಿದರಲ್ಲ ಎಂದು ಹಗುರಾಗುತ್ತದೆ. ಹೌದೆಂದರೆ ಆ ಮಗುವನ್ನು ಒಂಟಿಯಾಗಿ ಬಿಡಬೇಡಿ, ವ್ಯಾನಿನಲ್ಲಿ ಮನೆಗೆ ಕಳುಹಿಸಬೇಡಿ. ಪೋಷಕರನ್ನು ಕರೆಸಿ, ಅದೇ ದಿನ ಆಸ್ಪತ್ರೆಗೆ ಕಳುಹಿಸಿ. ಮನೆಯಲ್ಲಿ ಕೀಟನಾಶಕ, ಮಾತ್ರೆಗಳು ಎಲ್ಲಿವೆ ಎಂದು ಪೋಷಕರನ್ನೇ ಕೇಳಿ, ಬೀಗ ಹಾಕಿಸಿ. ಹಳ್ಳಿಯ ಮನೆಗಳಲ್ಲಿ ಇದೊಂದೇ ಮಾತು ಜೀವ ಉಳಿಸಬಲ್ಲದು. ನಮ್ಮ ಶಾಲೆಗಳಿಗೆ ಮುಚ್ಚಳಿಕೆಯ ಮೇಲೆ ವಿಪರೀತ ಪ್ರೀತಿ. "ಇನ್ನು ಮುಂದೆ ಹೀಗೆ ಯೋಚಿಸುವುದಿಲ್ಲ" ಎಂದು ಮಗುವಿನಿಂದ ಬರೆಸಿಕೊಳ್ಳುವುದರಿಂದ ಶಾಲೆಗೆ ಮಾತ್ರ ನೆಮ್ಮದಿ, ಮಗುವಿನ ಬಾಯಿ ಮುಚ್ಚಿಹೋಗುತ್ತದೆ. ಹಾಗೆ ಬರೆಸಬೇಡಿ.

ಪರೀಕ್ಷೆ, ಫಲಿತಾಂಶ, ಕಡತ

ಫೆಬ್ರುವರಿಯಲ್ಲಿ ಧೈರ್ಯ ತುಂಬುವ ಭಾಷಣಗಳ ಸುರಿಮಳೆಯಾಗುತ್ತದೆ. ಅದಕ್ಕಿಂತ ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಗಡಿಯಾರದ ಎದುರು ಬರೆಸುವುದು ಹೆಚ್ಚು ಉಪಕಾರಿ. ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ವ್ಯವಸ್ಥೆ ಬಂದಿದೆ ಎಂಬುದನ್ನು ಮಕ್ಕಳಿಗಿಂತ ಮೊದಲು ಪೋಷಕರಿಗೆ ಬಿಡಿಸಿ ಹೇಳಿ. ಫಲಿತಾಂಶದ ದಿನ ರಜೆಯಲ್ಲಿದ್ದರೂ ಫೋನ್ ಆನ್ ಇರಲಿ. ಅನುತ್ತೀರ್ಣರಾಗಬಹುದಾದವರ ಜೊತೆಗೆ ತೊಂಬತ್ತೈದು ನಿರೀಕ್ಷಿಸಿ ಎಂಬತ್ತೆಂಟು ಪಡೆದವರ ಹೆಸರೂ ನಿಮ್ಮ ಪಟ್ಟಿಯಲ್ಲಿರಬೇಕು.

ಟಿಪ್ಪಣಿಗಳನ್ನು ಬೀಗವಿರುವ ಕಪಾಟಿನಲ್ಲಿಡಿ. ಕೀಲಿ ನಿಮ್ಮಲ್ಲಿರಲಿ. ಶಾಲೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾವ ಮಗುವಿನ ಹೆಸರೂ ನಿಮ್ಮಿಂದ ಹೋಗಬಾರದು. ಟಿಪ್ಪಣಿಯಲ್ಲಿ ನೋಡಿದ್ದನ್ನು, ಕೇಳಿದ್ದನ್ನು ಬರೆಯಿರಿ, ನಿಮ್ಮ ಊಹೆಯನ್ನು ಊಹೆ ಎಂದೇ ಗುರುತಿಸಿ. ಏಪ್ರಿಲ್‌ನಲ್ಲಿ ಬಾಗಿಲು ಹಾಕುವ ಮುನ್ನ ಮುಂದಿನ ವರ್ಷದ ತರಗತಿ ಶಿಕ್ಷಕರಿಗೆ ಮಗುವಿಗೊಂದರಂತೆ ಸಣ್ಣ ಚೀಟಿ ಸಿದ್ಧ ಮಾಡಿ. ಅದರಲ್ಲಿ ಮನೆಯ ಕತೆ ಬೇಡ, ರೋಗದ ಹೆಸರೂ ಬೇಡ. "ಎರಡನೇ ಸಾಲಿನಲ್ಲಿ ಕೂರಿಸಿ, ಓದಿಸುವ ಪ್ಯಾರಾ ಹಿಂದಿನ ದಿನ ಹೇಳಿ, ಚಿತ್ರ ಚೆನ್ನಾಗಿ ಬರೆಯುತ್ತಾಳೆ" ಎಂಬಷ್ಟಿದ್ದರೆ ಜೂನ್‌ನಲ್ಲಿ ಅವಳ ಹೊಸ ಟೀಚರ್‌ಗೆ ಕೆಲಸ ಶುರು ಮಾಡಲು ಸಾಕು.